ಚಾರ್ಜಿಗಿಟ್ಟ ಬ್ಯಾಟರಿ ಮತ್ತು ಒಂದೇ ಬಾಗಿಲಿನ ಅಂಗಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯ ಬದಿಯಲ್ಲಿ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪೇಟೆಯಲ್ಲಿ, ಸಣ್ಣ ಅಂಗಡಿಗಳ ಕಟ್ಟೋಣ ಹೆಚ್ಚುಕಡಿಮೆ ಒಂದೇ ಬಗೆಯದು. ಎದುರಿಗೆ ಒಂದು ಶಟರ್. ಅದರ ಹಿಂದೆ ಹತ್ತು ಹನ್ನೆರಡು ಅಡಿ ಅಗಲದ, ಒಳಕ್ಕೆ ಉದ್ದವಾದ ಕೋಣೆ. ಕೊನೆಗೆ ಗೋಡೆ, ಇಲ್ಲವೇ ಸಾಮಾನು ತುಂಬಿದ ಸಣ್ಣ ದಾಸ್ತಾನು ಕೋಣೆ. ಮೇಲೆ ಅಟ್ಟ ಅಥವಾ ಯಾರದೋ ಬಾಡಿಗೆ ಮನೆ. ಹಿಂಬಾಗಿಲು ಇದ್ದರೂ ಅದಕ್ಕೆ ಅಡ್ಡವಾಗಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಡುವುದು ರೂಢಿ. ಇಂಥ ಅಂಗಡಿಗಳೊಳಗೆ ಲಿಥಿಯಂ ಬ್ಯಾಟರಿ ಸದ್ದಿಲ್ಲದೆ ಬಂದು ಕುಳಿತಿದೆ. ಮಾಲೀಕರ ವಿದ್ಯುತ್ ಸ್ಕೂಟರ್, ಬಡಗಿಯ ಕಾರ್ಡ್‌ಲೆಸ್ ಡ್ರಿಲ್, ಬಿಲ್ಲು ಕೊಡುವ ಯಂತ್ರ, ಕರೆಂಟು ಹೋದಾಗ ತಾನಾಗಿ ಹೊತ್ತಿಕೊಳ್ಳುವ ದೀಪ, ಹೊಸ ಬಗೆಯ ಇನ್ವರ್ಟರ್, ತೋಟಕ್ಕೆ ಮದ್ದು ಹೊಡೆಯುವ ಬೆನ್ನುಪಂಪು, ಕೆಲಸದ ಹುಡುಗರ ಪವರ್ ಬ್ಯಾಂಕು, ಹೀಗೆ ಲೆಕ್ಕ ಹಾಕುತ್ತ ಹೋದರೆ ಐದು ಜನ ದುಡಿಯುವ ಅಂಗಡಿಯಲ್ಲಿ ಹತ್ತು ಹದಿನೈದು ಬ್ಯಾಟರಿಗಳು ಸುಲಭವಾಗಿ ಸಿಗುತ್ತವೆ. ಇವುಗಳಲ್ಲಿ ಯಾವುದು ಯಾವ ಕಂಪನಿಯದು ಎಂದು ನಾವು ವಿಚಾರಿಸುತ್ತೇವೆ. ಯಾವುದನ್ನು ಎಲ್ಲಿ ಚಾರ್ಜಿಗೆ ಇಟ್ಟಿದ್ದೇವೆ, ಅದಕ್ಕೂ ಬಾಗಿಲಿಗೂ ನಡುವೆ ಎಷ್ಟು ಜಾಗವಿದೆ ಎಂದು ವಿಚಾರಿಸುವುದು ಕಡಿಮೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ.

ಹೀಗೆ ಹೇಳುವುದಕ್ಕೆ ಇತ್ತೀಚಿನ ಮೂರು ದುರಂತಗಳು ಆಧಾರ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದಾಗ ಸತ್ತ ಎಂಟು ಮಂದಿ ಅದೇ ಕಟ್ಟಡದ ಮೇಲಿನ ಮಹಡಿಗಳ ಹೋಟೆಲಿನಲ್ಲಿದ್ದವರು. ಅವರು ಇಳಿದು ಬರಬೇಕಾಗಿದ್ದ ಮೆಟ್ಟಿಲ ದಾರಿಯನ್ನೇ ಹಿಡಿದು ಕೆಳಗಿನ ಹೊಗೆ ಮೇಲೇರಿತ್ತು. 2024ರ ಜೂನ್ 24ರಂದು ದಕ್ಷಿಣ ಕೊರಿಯಾದ ಹ್ವಾಸಾಂಗ್ ನಗರದ ಲಿಥಿಯಂ ಬ್ಯಾಟರಿ ಕಾರ್ಖಾನೆಯಲ್ಲಿ 23 ಕಾರ್ಮಿಕರು ಸತ್ತರು. ಅಲ್ಲಿ ಬೆಂಕಿ ಹುಟ್ಟಿದ್ದು ಎರಡನೇ ಮಹಡಿಯಲ್ಲಿ, ಹೊರಹೋಗುವ ದಾರಿಯ ಸಮೀಪ ಪೇರಿಸಿಟ್ಟಿದ್ದ ಬ್ಯಾಟರಿಗಳಲ್ಲಿ. ಕೆಲಸದವರು ಅಗ್ನಿಶಾಮಕ ಸಿಲಿಂಡರ್ ಹಿಡಿದು ಆರಿಸಲು ಹೆಣಗಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಒಂದು ನಿಮಿಷ ತುಂಬುವ ಮೊದಲೇ ಕೋಣೆಯೆಲ್ಲ ಹೊಗೆಯಲ್ಲಿ ಮುಳುಗಿತ್ತು. ಸತ್ತವರಲ್ಲಿ ಹೆಚ್ಚಿನವರು ಚೀನಾದಿಂದ ಬಂದ ವಲಸೆ ಕಾರ್ಮಿಕರು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ರಾಜಾಜಿನಗರದ ವಿದ್ಯುತ್ ಸ್ಕೂಟರ್ ಶೋರೂಮಿನಲ್ಲಿ ಬೆಂಕಿ ಬಿದ್ದಾಗ ಒಳಗಿನ ಕೋಣೆಯಲ್ಲಿದ್ದ ಯುವ ಉದ್ಯೋಗಿಯೊಬ್ಬರು ಹೊರಬರಲಾಗದೆ ಪ್ರಾಣ ಬಿಟ್ಟರು. ಮೂರೂ ಕಡೆ ಬ್ಯಾಟರಿಯ ಜಾತಿ ಬೇರೆ, ಕಟ್ಟಡ ಬೇರೆ, ಕಾನೂನು ಬೇರೆ. ಮನುಷ್ಯರಿಗೂ ಅವರ ಹೊರದಾರಿಗೂ ನಡುವೆ ಬ್ಯಾಟರಿ ಇತ್ತು ಎಂಬುದು ಮಾತ್ರ ಮೂರಕ್ಕೂ ಸಮಾನ.

ಬ್ಯಾಟರಿಯ ಬೆಂಕಿ ಉಳಿದ ಬೆಂಕಿಗಳಿಂದ ಬೇರೆಯಾಗುವುದು ಹೇಗೆ ಎಂಬುದನ್ನು ತಿಳಿಯಲು ಅದರ ಒಳಗನ್ನು ಸ್ವಲ್ಪ ನೋಡಬೇಕು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಕೋಶದಲ್ಲಿ (ಬ್ಯಾಟರಿಯ ಒಂದೊಂದು ಘಟಕವೇ ಕೋಶ) ಎರಡು ಎಲೆಕ್ಟ್ರೋಡುಗಳ, ಎಂದರೆ ಧನ ಮತ್ತು ಋಣ ಧ್ರುವಗಳ, ನಡುವೆ ಪ್ಲಾಸ್ಟಿಕ್ಕಿನ ಅತಿ ತೆಳುವಾದ ಪೊರೆಯೊಂದಿದೆ. ಇವೆಲ್ಲವೂ ಬೇಗ ಹೊತ್ತಿಕೊಳ್ಳುವ ದ್ರಾವಕದಲ್ಲಿ ನೆನೆದಿರುತ್ತವೆ. ಪೆಟ್ಟು, ಅತಿಯಾದ ಚಾರ್ಜು, ಒಳಗಿನ ದೋಷ ಅಥವಾ ಹೊರಗಿನ ಬಿಸಿಯಿಂದ ಕೋಶದ ಉಷ್ಣತೆ 80ರಿಂದ 120 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಏರಿದರೆ ಋಣ ಎಲೆಕ್ಟ್ರೋಡಿನ ಮೇಲಿನ ರಕ್ಷಣಾ ಪದರ ಒಡೆಯತೊಡಗುತ್ತದೆ, ಮತ್ತು ಆ ಒಡೆಯುವಿಕೆಯೇ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. 130 ಡಿಗ್ರಿಯ ಆಸುಪಾಸಿನಲ್ಲಿ ನಡುವಿನ ಪಾಲಿಎಥಿಲೀನ್ ಪೊರೆ ಕರಗುತ್ತದೆ. ಎರಡು ಎಲೆಕ್ಟ್ರೋಡುಗಳು ಒಂದಕ್ಕೊಂದು ತಗಲುತ್ತವೆ. ಅಲ್ಲಿಂದ ಮುಂದೆ ಹೊರಗಿನ ಕರೆಂಟು ತೆಗೆದರೂ ಪ್ರಯೋಜನವಿಲ್ಲ, ಶಾಖವೇ ಶಾಖವನ್ನು ಹೆರುತ್ತ ಹೋಗುತ್ತದೆ. ಇದಕ್ಕೆ ಥರ್ಮಲ್ ರನ್‌ಅವೇ ಎಂದು ಹೆಸರು. ನಿಕಲ್, ಕೋಬಾಲ್ಟ್ ಇರುವ ಕೋಶಗಳು ಈ ಹಂತದಲ್ಲಿ ತಮ್ಮೊಳಗಿನಿಂದಲೇ ಆಮ್ಲಜನಕವನ್ನೂ ಬಿಡುಗಡೆ ಮಾಡುತ್ತವೆ. ಆದ್ದರಿಂದಲೇ ಕಂಬಳಿ ಮುಚ್ಚಿ ಗಾಳಿ ತಪ್ಪಿಸಿ ಆರಿಸುವ ನಮ್ಮ ಹಳೆಯ ಬುದ್ಧಿ ಇಲ್ಲಿ ಸೋಲುತ್ತದೆ. ಎಲ್‌ಎಫ್‌ಪಿ ಎಂದು ಕರೆಯುವ ಕಬ್ಬಿಣದ ಫಾಸ್ಫೇಟಿನ ಕೋಶಗಳು ಹೆಚ್ಚು ಬಿಸಿ ತಾಳುತ್ತವೆ, ಆಮ್ಲಜನಕ ಬಿಡುವುದೂ ಕಡಿಮೆ. ಆದರೆ ಅವು ಹೊತ್ತುವುದೇ ಇಲ್ಲ ಎಂದು ಮಾರುವವರು ಹೇಳಿದರೆ ನಂಬಬೇಕಾಗಿಲ್ಲ. ದ್ರಾವಕ ಅವುಗಳಲ್ಲಿಯೂ ಇದೆ, ಅದರ ಹಬೆಯೂ ಕಿಡಿ ಸಿಕ್ಕರೆ ಹೊತ್ತುವಂಥದ್ದೇ.

ಗಾತ್ರದ ಅಂದಾಜು ಮನಸ್ಸಿನಲ್ಲಿರಲಿ. 5,000 ಎಂಎಎಚ್ ಎಂದು ಬರೆದಿರುವ ಮೊಬೈಲ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 74. ಮೂರು ಕಿಲೋವ್ಯಾಟ್-ಗಂಟೆಯ ಸ್ಕೂಟರಿನಲ್ಲಿ 3,000. ಎಂದರೆ ಅಂಗಡಿಯೊಳಗೆ ಒಂದು ಸ್ಕೂಟರ್ ನಿಲ್ಲಿಸುವುದು ನೂರೈವತ್ತು ಮೊಬೈಲುಗಳನ್ನು ಒಂದೇ ಡಬ್ಬಿಯಲ್ಲಿ ತುಂಬಿ ಇಟ್ಟಂತೆ. ಹೊತ್ತಿಕೊಂಡಾಗ ದ್ರಾವಕ ಮತ್ತು ಪ್ಲಾಸ್ಟಿಕ್ಕು ಉರಿದು ಬರುವ ಶಾಖ ಈ ವಿದ್ಯುತ್ತಿನ ಲೆಕ್ಕಕ್ಕಿಂತಲೂ ಹಲವು ಪಟ್ಟು ಹೆಚ್ಚು. ಮೊಬೈಲಿನ ಬೆಂಕಿಗೆ ಕಲಿತ ಉಪಾಯವನ್ನು ಸ್ಕೂಟರಿನ ಬೆಂಕಿಗೆ ಪ್ರಯೋಗಿಸಲು ಹೋಗುವವನು ಈ ವ್ಯತ್ಯಾಸವನ್ನು ಮರೆತಿರುತ್ತಾನೆ.

ಇನ್ನು ನಮ್ಮ ಜಿಲ್ಲೆಗೇ ಸೇರಿದ ಕಾರಣಗಳು. ಮೊದಲನೆಯದು ಉಪ್ಪು. ಕರಾವಳಿಯಲ್ಲಿ ಬಾಗಿಲ ಚಿಲಕದಿಂದ ಹಿಡಿದು ಸ್ವಿಚ್‌ಬೋರ್ಡಿನ ಸ್ಕ್ರೂವರೆಗೆ ಎಲ್ಲವನ್ನೂ ಉಪ್ಪುಗಾಳಿ ತಿನ್ನುತ್ತದೆ. ಚಾರ್ಜರಿನ ಪಿನ್ನು, ಬ್ಯಾಟರಿಯ ಕನೆಕ್ಟರು ಇದಕ್ಕೆ ಹೊರತಲ್ಲ. ಕಿಲುಬು ಹಿಡಿದ ಸಂಪರ್ಕದಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಿ, ಆ ಜಾಗವೇ ಬಿಸಿಯಾಗುತ್ತದೆ. ಚಾರ್ಜಿಂಗ್ ಮುಗಿದಾಗ ಪ್ಲಗ್ಗನ್ನು ಮುಟ್ಟಿ ನೋಡಿ, ಕೈ ತಡೆಯದಷ್ಟು ಬಿಸಿಯಿದ್ದರೆ ಮರುದಿನವೇ ಅದನ್ನು ಬದಲಿಸುವುದು ಲೇಸು. ಎರಡನೆಯದು ನೆರೆ. ಗಂಗಾವಳಿ, ಅಘನಾಶಿನಿ, ಶರಾವತಿ, ಕಾಳಿ, ನಾಲ್ಕೂ ನದಿಗಳ ದಂಡೆಯ ಊರುಗಳಲ್ಲಿ ಮಳೆಗಾಲದ ನೀರು ಅಂಗಡಿಯೊಳಗೆ ನುಗ್ಗುವುದು ಹೊಸತಲ್ಲ. ನದಿ ಸಮುದ್ರ ಸೇರುವ ಅಳಿವೆಯ ಬಳಿ ಆ ನೀರೂ ಉಪ್ಪು. 2022ರಲ್ಲಿ ಇಯಾನ್ ಚಂಡಮಾರುತ ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದ ಮೇಲೆ ಉಪ್ಪುನೀರಿನಲ್ಲಿ ಮುಳುಗಿದ್ದ ವಿದ್ಯುತ್ ವಾಹನಗಳು ನೀರಿಳಿದು ದಿನಗಳು, ವಾರಗಳು ಕಳೆದ ಬಳಿಕ ತಾವಾಗಿ ಹೊತ್ತಿಕೊಂಡವು. ನೀರು ಆರಿದರೂ ಉಪ್ಪು ಒಳಗೇ ಉಳಿದು, ಸೇರಬಾರದ ಎರಡು ತಂತಿಗಳ ನಡುವೆ ಸೇತುವೆಯಾಗುತ್ತದೆ. ನೆರೆಯಲ್ಲಿ ಮುಳುಗಿದ ಸ್ಕೂಟರನ್ನು ಒರೆಸಿ, ಬಿಸಿಲಿಗಿಟ್ಟು, ಚಾಲೂ ಮಾಡಿ ನೋಡುವ ನಮ್ಮ ಅಭ್ಯಾಸ ಆದ್ದರಿಂದ ಅಪಾಯಕಾರಿ. ಅದನ್ನು ಚಾರ್ಜಿಗೆ ಹಾಕದೆ, ಕಟ್ಟಡದಿಂದ ಹದಿನೈದು ಮೀಟರಾದರೂ ದೂರ, ತೆರೆದ ಜಾಗದಲ್ಲಿ ನಿಲ್ಲಿಸಿ ಕಂಪನಿಯವರಿಗೆ ತಿಳಿಸಬೇಕು.

ಮೂರನೆಯ ಕಾರಣ ಚಾರ್ಜರಿನ ಅದಲುಬದಲು. ಅಡಿಕೆ ತೋಟದ ಸೀಮೆಯಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಬೆನ್ನಿಗೆ ಹೊರುವ ಬ್ಯಾಟರಿ ಪಂಪುಗಳಲ್ಲಿ ಹಳೆಯವು ಸೀಸ-ಆಮ್ಲದ 12 ವೋಲ್ಟಿನವು. ಹೊಸವುಗಳಲ್ಲಿ ಹಲವು ಲಿಥಿಯಂನವು. ಎರಡರ ಮೇಲೂ 12 ವೋಲ್ಟ್ ಎಂದೇ ಬರೆದಿರುತ್ತದೆ, ಚಾರ್ಜರಿನ ತುದಿಯೂ ಎಷ್ಟೋ ಸಲ ಒಂದೇ ಅಳತೆಯದು. ಮೂರು ಲಿಥಿಯಂ ಕೋಶಗಳನ್ನು ಸಾಲಾಗಿ ಜೋಡಿಸಿದ ಪ್ಯಾಕಿಗೆ ಗರಿಷ್ಠ 12.6 ವೋಲ್ಟ್ ಕೊಡಬಹುದು, ಎಂದರೆ ಕೋಶವೊಂದಕ್ಕೆ 4.2. ಸೀಸ-ಆಮ್ಲದ ಚಾರ್ಜರು 14.4 ವೋಲ್ಟಿನವರೆಗೂ ಏರುತ್ತದೆ. ಆಗ ಕೋಶವೊಂದರ ಪಾಲಿಗೆ 4.8 ವೋಲ್ಟ್ ಬೀಳುತ್ತದೆ. ಪ್ಯಾಕಿನೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟು ಒಳ್ಳೆಯದಾಗಿದ್ದರೆ ಸಂಪರ್ಕ ಕಡಿಯುತ್ತದೆ. ಅಗ್ಗದ ಪ್ಯಾಕಿನಲ್ಲಿ ಅದು ಹೆಸರಿಗಷ್ಟೇ ಇರಬಹುದು, ಅಥವಾ ಮೈಲುತುತ್ತದ ದ್ರಾವಣ ಸೋರಿ ಹಾಳಾಗಿರಬಹುದು. ಮದ್ದು ಹೊಡೆದು ದಣಿದು ಬಂದವರು ಕೊಟ್ಟಿಗೆಯ ಮೂಲೆಯಲ್ಲಿ, ಒಣಹುಲ್ಲಿನ ಪಕ್ಕದಲ್ಲಿ, ಕೈಗೆ ಸಿಕ್ಕ ಚಾರ್ಜರಿಗೆ ಪಂಪನ್ನು ಸಿಕ್ಕಿಸಿ ಮಲಗುವ ದೃಶ್ಯವನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ಪಂಪಿಗೂ ಅದರ ಚಾರ್ಜರಿಗೂ ಒಂದೇ ಬಣ್ಣದ ಟೇಪು ಸುತ್ತಿಡುವುದು ಹತ್ತು ರೂಪಾಯಿಯ ಕೆಲಸ. ಓದು ಬಾರದ ಕೆಲಸದವರಿಗೂ ಅದು ಅರ್ಥವಾಗುತ್ತದೆ.

ಮೊಬೈಲ್ ರಿಪೇರಿ ಅಂಗಡಿಯ ಅಪಾಯ ಬೇರೆಯದು. ಅಲ್ಲಿ ಬ್ಯಾಟರಿಯನ್ನು ಅಂಟಿನಿಂದ ಬಿಡಿಸುವಾಗ ಲೋಹದ ಪಟ್ಟಿ ಚುಚ್ಚಿ, ಮುಖಕ್ಕೆ ಒಂದಡಿ ದೂರದಲ್ಲೇ ಹೊಗೆ ಚಿಮ್ಮುತ್ತದೆ. ಬಿಚ್ಚುವ ಮೊದಲು ಚಾರ್ಜನ್ನು ಶೇ. 25ಕ್ಕಿಂತ ಕೆಳಗಿಳಿಸುವುದು, ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸುವುದು, ಕಣ್ಣಿಗೆ ಕನ್ನಡಕ ಹಾಕುವುದು, ಮೇಜಿನ ಬಳಿಯೇ ಒಣಮರಳು ತುಂಬಿದ ಲೋಹದ ಡಬ್ಬಿ ಮತ್ತು ಉದ್ದನೆಯ ಇಕ್ಕಳ ಇಟ್ಟುಕೊಳ್ಳುವುದು, ಇವಿಷ್ಟೇ ಅಲ್ಲಿನ ಮುನ್ನೆಚ್ಚರಿಕೆ. (ಮರಳು ನಮ್ಮ ಜಿಲ್ಲೆಯಲ್ಲಿ ಪರವಾನಗಿಯ ವಸ್ತುವಾಗಿರುವುದು ನಿಜವಾದರೂ ಡಬ್ಬಿ ತುಂಬುವಷ್ಟಕ್ಕೆ ಯಾರೂ ಅಡ್ಡಿ ಮಾಡಲಾರರು, ಕಡಲ ದಂಡೆಯ ಹಸಿ ಉಪ್ಪುಮರಳು ಮಾತ್ರ ಬೇಡ.) ಊದಿಕೊಂಡ ಬ್ಯಾಟರಿಯನ್ನು ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವವರೂ ಇದ್ದಾರೆಂದು ಕೇಳಿ ನನಗೆ ನಂಬಿಕೆಯಾಗಿರಲಿಲ್ಲ, ನೋಡಿದ ಮೇಲೆ ಆಯಿತು. ಒಳಗಿರುವುದು ಗಾಳಿಯಲ್ಲ, ಹೊತ್ತುವ ಅನಿಲ.

ಬೋಟುಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಬೈತಖೋಲ, ತದಡಿ, ಕಾಸರಕೋಡು ಬಂದರುಗಳ ಯಾಂತ್ರಿಕ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದಡದಲ್ಲಿರುತ್ತವೆ. ಈ ಅವಧಿಗೆ ಲಿಥಿಯಂ ಬ್ಯಾಟರಿಯ ದೀಪ, ವೈರ್‌ಲೆಸ್ ಸೆಟ್ಟುಗಳನ್ನು ಪೂರ್ತಿ ಚಾರ್ಜು ಮಾಡಿ ಕ್ಯಾಬಿನ್ನಿನಲ್ಲಿ ಬಿಡುವುದಕ್ಕಿಂತ ಅರ್ಧಕ್ಕಿಳಿಸಿ ಒಣಗಿದ ಜಾಗದಲ್ಲಿಡುವುದು ಕ್ಷೇಮ. ಕಡಲಿನ ನಡುವೆ ಪವರ್ ಬ್ಯಾಂಕು ಹೊಗೆಯಾಡಿದರೆ ಓಡಿಹೋಗಲು ಅಂಗಳವಿಲ್ಲ, ಪಕ್ಕದಲ್ಲಿ ಅಡುಗೆಯ ಗ್ಯಾಸ್ ಇರುತ್ತದೆ; ಗಾಳ ಹಾಕುವ ಕೋಲಿನಿಂದಲೋ ಸಲಿಕೆಯಿಂದಲೋ ಅದನ್ನು ಸಮುದ್ರಕ್ಕೆ ತಳ್ಳುವುದೇ ಬೋಟು ನಡೆಸುವ ತಾಂಡೇಲನ ಮುಂದಿರುವ ದಾರಿ. ನಮ್ಮ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನಿಂದ ಬಂದ ಕೆಲಸಗಾರರು ಬಹಳ ಮಂದಿ ಇದ್ದಾರೆ. ಕೊರಿಯಾದ ಕಾರ್ಖಾನೆಯ ವಲಸೆ ಕಾರ್ಮಿಕರನ್ನು ನೆನೆದರೆ, ಈ ಸೂಚನೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಮೊದಲ ದಿನವೇ ಹೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಬ್ಯಾಟರಿ ಹೊತ್ತುವ ಮೊದಲು ಸೂಚನೆ ಕೊಡುತ್ತದೆ, ಆದರೆ ಸಮಯ ಕೊಡುವುದಿಲ್ಲ. ಊದುವುದು, ವಿಪರೀತ ಬಿಸಿ, ಉಗುರುಬಣ್ಣ ತೆಗೆಯುವ ದ್ರವದಂಥ ಸಿಹಿಯಾದ ವಾಸನೆ, ಬುಸ್ಸೆನ್ನುವ ಸದ್ದು, ಪಟಪಟ ಸಿಡಿತ, ಬಿಳಿಯ ದಟ್ಟ ಹಬೆ. ಈ ಬಿಳಿ ಹಬೆಯನ್ನು ನೀರಿನ ಆವಿಯೆಂದು ತಿಳಿದು ಹತ್ತಿರ ಹೋಗುವುದು ದೊಡ್ಡ ತಪ್ಪು. ಅದರಲ್ಲಿ ಜಲಜನಕ, ಇಂಗಾಲದ ಮೊನಾಕ್ಸೈಡ್, ದ್ರಾವಕದ ಆವಿ, ಹೈಡ್ರೋಜನ್ ಫ್ಲೋರೈಡ್ ಬೆರೆತಿರುತ್ತವೆ. ಒಂದು ಕಿಡಿ ಸಾಕು, ಕೋಣೆಯೇ ಸಿಡಿಯಬಹುದು. ಇಲ್ಲಿಂದ ಮುಂದಿನ ನಿರ್ಧಾರ ಗಾತ್ರದ ಮೇಲೆ ನಿಂತಿದೆ. ಮೊಬೈಲು, ಪವರ್ ಬ್ಯಾಂಕುಗಳಾದರೆ, ಬಾಗಿಲು ನಿಮ್ಮ ಬೆನ್ನ ಹಿಂದಿದ್ದರೆ, ಪ್ಲಗ್ಗಿನ ಸ್ವಿಚ್ಚು ಆರಿಸಿ, ಜ್ವಾಲೆ ತಗ್ಗಿದ ಕೂಡಲೇ ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. ವಿಮಾನದ ಸಿಬ್ಬಂದಿಗೆ ಕಲಿಸುವುದೂ ಇದನ್ನೇ. ಮಂಜುಗಡ್ಡೆ ಹಾಕಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ ಎಂದೂ ಅವರಿಗೆ ಹೇಳಿಕೊಡುತ್ತಾರೆ. ಸ್ಕೂಟರು, ಇನ್ವರ್ಟರು, ಬ್ಯಾಟರಿಗಳ ರಾಶಿಯಾದರೆ ಆರಿಸುವ ಪ್ರಯತ್ನವೇ ಬೇಡ. ಕೂಗಿ ಎಲ್ಲರನ್ನೂ ಎಬ್ಬಿಸಿ, ಮೇಲಿನ ಮನೆಯವರನ್ನೂ ಕರೆದು, ದಾರಿಯಲ್ಲೇ ಸಿಕ್ಕಿದರೆ ಮೇನ್ ಸ್ವಿಚ್ಚು ಆರಿಸಿ, ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು. ಕರೆಯಲ್ಲಿ ಬೆಂಕಿ ಬಿದ್ದಿದೆ ಎಂದಷ್ಟೇ ಹೇಳದೆ ಲಿಥಿಯಂ ಬ್ಯಾಟರಿ ಎಂಬುದನ್ನೂ, ಒಳಗೆ ಎಷ್ಟಿವೆ ಎಂಬುದನ್ನೂ ಹೇಳಿದರೆ ಬರುವವರು ಅದಕ್ಕೆ ತಕ್ಕಂತೆ ಸಜ್ಜಾಗಿ ಬರುತ್ತಾರೆ.

ಲಿಥಿಯಂ ಬೆಂಕಿಗೆ ನೀರು ಹಾಕಲೇಬಾರದು ಎಂಬ ಮಾತು ವಾಟ್ಸಾಪಿನಲ್ಲಿ ತಿರುಗುತ್ತಲೇ ಇರುತ್ತದೆ. ಅದು ಅರ್ಧ ಸತ್ಯ. ಲೋಹದ ರೂಪದ ಲಿಥಿಯಂ ನೀರಿನೊಡನೆ ಪ್ರತಿಕ್ರಿಯಿಸಿ ಜಲಜನಕ ಬಿಡುವುದು ನಿಜ, ಮತ್ತು ಮರುಚಾರ್ಜು ಮಾಡಲಾಗದ ಲಿಥಿಯಂ ಕೋಶಗಳಲ್ಲಿ ಅಂಥ ಲೋಹ ಇರುತ್ತದೆ. ಹ್ವಾಸಾಂಗ್‌ನಲ್ಲಿ ಇದ್ದದ್ದು ಆ ಜಾತಿಯವು. ನಮ್ಮ ಮೊಬೈಲು, ಸ್ಕೂಟರುಗಳ ಲಿಥಿಯಂ ಅಯಾನ್ ಕೋಶದಲ್ಲಿ ಲಿಥಿಯಂ ಇರುವುದು ಸಂಯುಕ್ತವಾಗಿ. ಅದಕ್ಕೆ ಬೇಕಾದದ್ದು ತಂಪು, ತಂಪು ಕೊಡುವುದರಲ್ಲಿ ನೀರನ್ನು ಮೀರಿಸುವ ಅಗ್ಗದ ವಸ್ತುವಿಲ್ಲ. ಅಂಗಡಿಗಳ ಗೋಡೆಗೆ ನೇತುಹಾಕಿರುವ ಎಬಿಸಿ ಪುಡಿಯ ಸಿಲಿಂಡರು ಜ್ವಾಲೆಯನ್ನು ತಟ್ಟಿ ಮಲಗಿಸುತ್ತದೆ, ಆದರೆ ಕೋಶದ ಬಿಸಿಯನ್ನು ಇಳಿಸುವುದಿಲ್ಲ. ಕೆಲವು ನಿಮಿಷಗಳಲ್ಲಿ ಮತ್ತೆ ಹೊತ್ತುತ್ತದೆ. ಪಕ್ಕದ ರಟ್ಟು, ಬಟ್ಟೆಗಳಿಗೆ ತಗಲಿದ ಕಿಚ್ಚನ್ನು ಆರಿಸಿ ಹೊರದಾರಿ ಮಾಡಿಕೊಳ್ಳುವುದಕ್ಕೆ ಅದು ಉಪಯುಕ್ತ. ಇಷ್ಟೇ ಅದರ ಕೆಲಸವೆಂದು ತಿಳಿದಿದ್ದರೆ ಯಾರೂ ಅದನ್ನು ನಂಬಿ ಒಳಗೆ ನಿಲ್ಲಲಾರರು.

ಹೊರಗೆ ಬಂದ ಮೇಲೆ ಶಟರ್ ಎಳೆದು ಬಿಡುವುದೇ ಎಂಬ ಪ್ರಶ್ನೆಗೆ ಉತ್ತರ ಸರಳವಿಲ್ಲ. ಮೇಲೆ ಮನೆಯಿದ್ದರೆ ಒಳಗಿನ ಮೆಟ್ಟಿಲ ಬಾಗಿಲು ಮುಚ್ಚುವುದರಿಂದ ಅವರಿಗೆ ಸಮಯ ಸಿಗುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಉರಿಯದೆ ಉಳಿದ ಅನಿಲ ತುಂಬಿಕೊಳ್ಳುತ್ತದೆ. 2019ರ ಏಪ್ರಿಲ್ 19ರಂದು ಅಮೆರಿಕದ ಅರಿಜೋನಾದ ಸರ್‌ಪ್ರೈಸ್ ಎಂಬ ಊರಿನಲ್ಲಿ ವಿದ್ಯುತ್ ಸಂಗ್ರಹದ ಬ್ಯಾಟರಿ ಕಟ್ಟಡವೊಂದು ಹೊಗೆಯಾಡುತ್ತಿತ್ತು. ಗಂಟೆಗಟ್ಟಲೆ ಕಾದು, ಅಳತೆಗಳನ್ನು ನೋಡಿ, ಅಗ್ನಿಶಾಮಕ ಸಿಬ್ಬಂದಿ ಬಾಗಿಲು ತೆರೆದರು. ಹೊರಗಾಳಿ ಒಳಹೊಕ್ಕು ಕೆಲವೇ ನಿಮಿಷಗಳಲ್ಲಿ ಸ್ಫೋಟವಾಗಿ ನಾಲ್ವರು ಸಿಬ್ಬಂದಿಗೆ ತೀವ್ರ ಗಾಯಗಳಾದವು. ತರಬೇತಾದವರ ಪಾಡೇ ಹೀಗಾದರೆ, ಹೊಗೆ ಕಡಿಮೆಯಾಯಿತೆಂದು ಕ್ಯಾಶ್ ಡಬ್ಬಿ ತರಲು ಶಟರನ್ನು ಅರ್ಧ ಎತ್ತಿ ಬಗ್ಗುವ ಅಂಗಡಿಯವನ ಪಾಡೇನು? ಮುಚ್ಚಿದ್ದನ್ನು ಅಗ್ನಿಶಾಮಕ ದಳದವರೇ ತೆಗೆಯಲಿ. ಆರಿದಂತೆ ಕಂಡ ಪ್ಯಾಕು ಗಂಟೆಗಳ, ಕೆಲವೊಮ್ಮೆ ದಿನಗಳ ಬಳಿಕ ಮತ್ತೆ ಹೊತ್ತಬಹುದು; ಅದನ್ನು ಅಂದೇ ಗುಜರಿ ಗಾಡಿಗೆ ಹಾಕಿ ಕಳಿಸಬಾರದು.

ಪ್ರಥಮ ಚಿಕಿತ್ಸೆಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಸುಟ್ಟ ಗಾಯದ ಕಡೆಗೆ. ಬ್ಯಾಟರಿ ಬೆಂಕಿಯಲ್ಲಿ ಹೊಗೆ ಕುಡಿದವನನ್ನು ಮೊದಲು ನೋಡಬೇಕು. ಅವನನ್ನು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಹೊಗೆಯಿಂದ ದೂರ ತಂದು, ಒರಗಿಸಿ ಅರ್ಧ ಕುಳಿತ ಭಂಗಿಯಲ್ಲಿ ಇರಿಸಿ, ಅಂಗಿಯ ಗುಂಡಿ ಸಡಿಲಿಸಬೇಕು. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಉಸಿರೇ ಇಲ್ಲದಿದ್ದರೆ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತ ಇರಬೇಕು. ವಿಷಾನಿಲ ಕುಡಿದವರ ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹೋಗುವುದು ಬೇಡ. ಒಳಗೆ ಸಿಕ್ಕಿಬಿದ್ದವರನ್ನು ತರಲು ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿ ನುಗ್ಗುವವರ ಧೈರ್ಯ ದೊಡ್ಡದು, ಆದರೆ ಒದ್ದೆ ಬಟ್ಟೆ ಮಸಿಯನ್ನು ತಡೆದೀತೇ ಹೊರತು ಮೊನಾಕ್ಸೈಡನ್ನು ತಡೆಯಲಾರದು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರು ಈಗಲೂ ಬಹಳ ಮನೆ, ಅಂಗಡಿಗಳ ಕಪಾಟಿನಲ್ಲಿದೆ. ಹೊಗೆ ಕುಡಿದವನ ಬೆರಳಿಗೆ ಅದನ್ನು ಸಿಕ್ಕಿಸಿ 98 ಬಂತೆಂದು ಸಮಾಧಾನಪಡುವುದು ಇಲ್ಲಿ ಮೋಸವಾಗುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಬದಲು ಇಂಗಾಲದ ಮೊನಾಕ್ಸೈಡ್ ಅಂಟಿಕೊಂಡಿದ್ದರೂ ಈ ಪುಟ್ಟ ಉಪಕರಣಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅದು ಎರಡನ್ನೂ ಕೂಡಿಸಿ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ತಲೆನೋವು, ವಾಕರಿಕೆ, ಮಂಕುಗಳಿದ್ದರೆ ಅಂಕಿ ಏನೇ ಇರಲಿ ಆಸ್ಪತ್ರೆಗೆ ಹೋಗಬೇಕು. ಹೈಡ್ರೋಜನ್ ಫ್ಲೋರೈಡಿನದು ಮತ್ತೊಂದು ಬಗೆಯ ಮೋಸ. ಚರ್ಮಕ್ಕೆ ತಗಲಿದಾಗ ಮೊದಲಿಗೆ ನೋವೇ ಇರದೆ, ಗಂಟೆಗಳ ಬಳಿಕ ಆಳದಿಂದ ಉರಿ ಏಳಬಹುದು. ಫ್ಲೋರೈಡು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಹೆಚ್ಚು ತಗಲಿದರೆ ಹೃದಯದ ಲಯವೇ ತಪ್ಪುತ್ತದೆ. ಉಸಿರಿನೊಳಗೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವೊಮ್ಮೆ ಮರುದಿನ. ಒಂದು ಮೊಬೈಲು ತೆರೆದ ಜಾಗದಲ್ಲಿ ಹೊತ್ತಿದ್ದಕ್ಕೆ ಇಷ್ಟೆಲ್ಲ ಹೆದರಬೇಕಿಲ್ಲ. ಮುಚ್ಚಿದ ಕೋಣೆಯಲ್ಲಿ ಸ್ಕೂಟರಿನ ಪ್ಯಾಕು ಹೊತ್ತಿದಾಗ ಒಳಗಿದ್ದವರು ಆರಾಮವಾಗಿದ್ದೇನೆ ಎಂದರೂ ಒಂದು ದಿನ ವೈದ್ಯರ ಕಣ್ಣಳತೆಯಲ್ಲಿರಬೇಕು. ಸೋರಿದ ದ್ರವ ತಾಗಿದ ಬಟ್ಟೆಯನ್ನು ಕೈಗವಸು ಹಾಕಿ ಕೂಡಲೇ ತೆಗೆದು, ಚರ್ಮವನ್ನೂ ಕಣ್ಣನ್ನೂ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಇದಕ್ಕೆ ಇರುವ ಮದ್ದು ಶೇ. 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್. ಬ್ಯಾಟರಿ ಬಿಚ್ಚುವುದನ್ನೇ ಕಸುಬಾಗಿಸಿಕೊಂಡ ಕಾರ್ಯಾಗಾರದವರು ವೈದ್ಯರನ್ನು ಕೇಳಿ ಅದನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು.

ಸುಟ್ಟ ಗಾಯಕ್ಕೆ ತಣ್ಣೀರೇ ಮೊದಲ ಮದ್ದು, ಅದೂ ಇಪ್ಪತ್ತು ನಿಮಿಷ ಗಡಿಯಾರ ನೋಡಿಕೊಂಡು. ಎರಡು ಚೊಂಬು ಸುರಿದು ಮುಗಿಸಿದರೆ ಚರ್ಮದ ಕೆಳಗಿನ ಬೇಯುವಿಕೆ ನಿಲ್ಲುವುದಿಲ್ಲ. ಸುಟ್ಟು ಮೂರು ಗಂಟೆಯೊಳಗೆ ಇದನ್ನು ಮಾಡಿದರೂ ಫಲವಿದೆ. ಬಳೆ, ಉಂಗುರ, ಕಾಲುಂಗುರಗಳನ್ನು ಬಾವು ಏರುವ ಮೊದಲು ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಹಲ್ಲುಜ್ಜುವ ಪೇಸ್ಟು, ಶಾಯಿ, ಅರಿಶಿನ, ಬೆಣ್ಣೆ ಹಚ್ಚುವವರಿಗೆ ಬೇಡವೆಂದು ಹೇಳುವುದು ಸುಲಭ. ನಮ್ಮ ಕಡೆ ಮುರುಗಲು ತುಪ್ಪಕ್ಕಿರುವ ಗೌರವ ಬೇರೆಯೇ; ಒಡೆದ ಹಿಮ್ಮಡಿಗೆ ಅದನ್ನು ಮೀರಿಸಿದ್ದು ಇಲ್ಲವೆಂದು ನಾನೂ ಒಪ್ಪುತ್ತೇನೆ. ಹಸಿ ಸುಟ್ಟ ಗಾಯಕ್ಕೆ ಮಾತ್ರ ಅದು ಶಾಖವನ್ನು ಒಳಗೇ ಹಿಡಿದಿಡುವ ಜಿಡ್ಡು, ಆಸ್ಪತ್ರೆಯಲ್ಲಿ ಅದನ್ನು ಉಜ್ಜಿ ತೆಗೆಯುವಾಗ ಆಗುವ ನೋವು ಬೇರೆ. ತೊಳೆದ ಮೇಲೆ ಶುಭ್ರವಾದ ಹತ್ತಿಯ ಬಟ್ಟೆಯನ್ನೋ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಸಡಿಲವಾಗಿ ಹೊದಿಸಿದರೆ ಸಾಕು.

ಇಷ್ಟು ವಿವರವಾಗಿ ಹೇಳಲು ಕಾರಣ ದೂರ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆದರೆ ತೀವ್ರವಾಗಿ ಸುಟ್ಟವರನ್ನು, ಶ್ವಾಸಕೋಶ ಕೆಟ್ಟವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಒಯ್ಯುವುದು ಇಲ್ಲಿ ಮಾಮೂಲು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯ ಜನ ವರ್ಷಗಳಿಂದ ಬೀದಿಗಿಳಿದದ್ದೂ ಇದೇ ಕಾರಣಕ್ಕೆ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಆಸುಪಾಸು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಗಿದ್ದನ್ನು ಯಾರೂ ಮರೆತಿಲ್ಲ. ಮೊದಲ ಇಪ್ಪತ್ತು ನಿಮಿಷದ ನೀರು, ಸರಿಯಾದ ಭಂಗಿ, 108ರವರಿಗೆ ಕೊಡುವ ಒಂದು ಸ್ಪಷ್ಟ ವಾಕ್ಯ, ಇವು ಆ ನೂರು ಕಿಲೋಮೀಟರನ್ನು ಹತ್ತಿರ ಮಾಡಲಾರವು, ದೇಹವನ್ನು ಆ ದಾರಿಗೆ ಸಿದ್ಧಗೊಳಿಸಬಲ್ಲವು. ಆ ವಾಕ್ಯದಲ್ಲಿ ಮೂರು ಸಂಗತಿ ಇರಲಿ: ಲಿಥಿಯಂ ಬ್ಯಾಟರಿಯ ಹೊಗೆ, ಮುಚ್ಚಿದ ಕೋಣೆ, ಇಷ್ಟು ನಿಮಿಷ.

ಕಾನೂನು ಇದನ್ನು ಎಲ್ಲಿಯವರೆಗೆ ನೋಡಿಕೊಂಡಿದೆ? ಸ್ಕೂಟರಿನ ಬ್ಯಾಟರಿಗೆ ಸಂಬಂಧಿಸಿದ ಎಐಎಸ್-156 ಮಾನದಂಡವನ್ನು 2022ರ ಬೆಂಕಿ ಪ್ರಕರಣಗಳ ನಂತರ ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಮೊಬೈಲು, ಪವರ್ ಬ್ಯಾಂಕುಗಳ ಕೋಶಗಳಿಗೆ ಐಎಸ್ 16046 ಎಂಬ ಭಾರತೀಯ ಮಾನದಂಡದಡಿ ನೋಂದಣಿ ಕಡ್ಡಾಯ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೀಗೆ ಬ್ಯಾಟರಿಯ ಹುಟ್ಟಿಗೂ ಸಾವಿಗೂ ನಿಯಮವಿದೆ. ನಡುವೆ ಅದು ಬಾಳುವ ಹತ್ತಡಿಯ ಅಂಗಡಿಯನ್ನು ನೋಡುವವರು ಯಾರೂ ಇಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಪ್ರತಿ 150 ಕಾರ್ಮಿಕರಿಗೆ ಒಂದರಂತೆ ಇಡಬೇಕೆಂದ, 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಕಲ್ಪನೆಯಲ್ಲಿದ್ದದ್ದು ದೊಡ್ಡ ಗಿರಣಿಗಳು. ನಾಲ್ಕು ಜನರ ರಿಪೇರಿ ಅಂಗಡಿ, ತೋಟದ ಕೊಟ್ಟಿಗೆ, ಗೋಕರ್ಣದಲ್ಲಿ ಬಾಡಿಗೆಗೆ ಸ್ಕೂಟರ್ ಕೊಡುವವರ ಚಾರ್ಜಿಂಗ್ ಮಾಡು, ಇವು ಆ ಅಳತೆಗೆ ಸಿಕ್ಕುವಂಥವಲ್ಲ. ಅಂಗಡಿ ಪರವಾನಗಿ ನವೀಕರಿಸುವಾಗ ಪಂಚಾಯಿತಿ, ಪುರಸಭೆಗಳು ಚಾರ್ಜಿಂಗ್ ಜಾಗ ಎಲ್ಲಿದೆ ಎಂದು ಒಂದು ಸಾಲು ಕೇಳಿದರೂ ದೊಡ್ಡ ಬದಲಾವಣೆಯಾದೀತು ಎಂಬುದು ನನ್ನ ಅಭಿಪ್ರಾಯ. ಊದಿದ ಬ್ಯಾಟರಿಗಳ ಮಟ್ಟಿಗೂ ಕಾಗದ ಮತ್ತು ವಾಸ್ತವದ ನಡುವೆ ಇದೇ ಅಂತರವಿದೆ. ಮರಳಿ ಪಡೆಯುವವರು ಪೇಟೆಯಲ್ಲಿ ಕಾಣಸಿಗದ ಕಾರಣ ರಿಪೇರಿಯವರು ಅವನ್ನು ಮೇಜಿನ ಖಾನೆಯಲ್ಲಿ ಕೂಡಿಹಾಕುತ್ತಾರೆ. ಉಪ್ಪುನೀರಿನ ಬಕೆಟ್ಟಿನಲ್ಲಿ ಹಾಕಿಡುವ ಸಲಹೆಯೂ ಓಡಾಡುತ್ತಿದೆ. ಉಪ್ಪುನೀರು ತುದಿಗಳನ್ನು ತಿಂದುಹಾಕಿದರೆ ಒಳಗಿನ ಚಾರ್ಜು ಹಾಗೆಯೇ ಉಳಿಯಬಹುದು. ತುದಿಗಳಿಗೆ ಟೇಪು ಸುತ್ತಿ, ಮರಳಿನ ಡಬ್ಬಿಯಲ್ಲಿ, ಅಂಗಡಿಯ ಹೊರಗೆ ಮಾಡಿನ ಕೆಳಗೆ ಇಟ್ಟು, ಕಂಪನಿಯ ಸೇವಾ ಕೇಂದ್ರಕ್ಕೆ ತಲುಪಿಸುವುದೇ ಸದ್ಯಕ್ಕೆ ಇರುವ ದಾರಿ.

ಕುಮಟಾದಲ್ಲಿ ನನಗೆ ಪರಿಚಯದ ಹಾರ್ಡ್‌ವೇರ್ ಅಂಗಡಿಯವರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊರಗಿಟ್ರೆ ಮಳೆ, ಒಳಗಿಟ್ರೆ ನೀವು ಬೈತೀರಿ. ಎಲ್ಲಿಡೂದು ಹೇಳಿ." ಅವರ ಸ್ಕೂಟರು ಆಗ ಶಟರಿನ ಒಳಮಗ್ಗುಲಿಗೆ ನಿಲ್ಲುತ್ತಿತ್ತು, ಕೆಲಸದ ಇಬ್ಬರು ಹುಡುಗರು ಅದರ ಹಿಂದೆ ಕೂರುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅವರು ಅಂಗಡಿಯ ಪಕ್ಕದ ಗೋಡೆಗೆ ತಗಡಿನ ಮಾಡು ಇಳಿಸಿ, ಅದರ ಕೆಳಗೆ ಮುಚ್ಚಳವಿರುವ ಸಾಕೆಟ್ಟು ಮತ್ತು ಹೊರೆ ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಬೇರೆ ಎಂಸಿಬಿ ಸ್ವಿಚ್ಚು ಹಾಕಿಸಿದ್ದಾರೆ. ಹಿಂಬಾಗಿಲಿಗೆ ಅಡ್ಡವಾಗಿದ್ದ ಪೇಂಟ್ ಡಬ್ಬಿಗಳೂ ಸರಿದಿವೆ. ಚಾರ್ಜಿಂಗ್ ಈಗ ಹಗಲಿನಲ್ಲಿ, ಕಣ್ಣೆದುರಿಗೇ ನಡೆಯುತ್ತದೆ. ಕಳ್ಳರ ಭಯಕ್ಕೆ ರಾತ್ರಿ ಸ್ಕೂಟರು ಮಾತ್ರ ಇನ್ನೂ ಒಳಗೇ ಬರುತ್ತದೆ.